ಕಣ್ಣಳತೆಯ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

“ನಾನು ತಿನ್ನೋದೇ ಇಷ್ಟು, ಆದರೂ ತೂಕ ಇಳೀತಾ ಇಲ್ಲ.” ಈ ಮಾತನ್ನು ನೀವು ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ನಾನಂತೂ ವರ್ಷಗಟ್ಟಲೆ ಆಡಿದ್ದೇನೆ. ಸುಳ್ಳು ಹೇಳುತ್ತಿದ್ದೇನೆ ಅಂತ ಒಮ್ಮೆಯೂ ಅನಿಸಿರಲಿಲ್ಲ.

1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ ಹತ್ತು ಜನರನ್ನು ಸಂಶೋಧಕರು ಪರೀಕ್ಷಿಸಿದ್ದರು. ವಿಶೇಷ ಐಸೋಟೋಪುಗಳಿರುವ, ಅಂದರೆ ಮಾಮೂಲಿಗಿಂತ ತುಸು ಭಾರದ ಪರಮಾಣುಗಳಿರುವ ನೀರು ಕುಡಿಸಿ, ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂದು ಎರಡು ವಾರ ಅಳೆದರು. ದೇಹ ಶಕ್ತಿ ಖರ್ಚು ಮಾಡುವುದರಲ್ಲಿ ಯಾವ ದೋಷವೂ ಇರಲಿಲ್ಲ. ಆ ಹತ್ತು ಜನ ಬರೆದುಕೊಟ್ಟದ್ದು ದಿನಕ್ಕೆ ಸರಾಸರಿ 1028 ಕ್ಯಾಲೊರಿ, ತಿಂದದ್ದು 2081. ವ್ಯಾಯಾಮವನ್ನು ಮಾತ್ರ ಮಾಡಿದ್ದಕ್ಕಿಂತ ಅರ್ಧದಷ್ಟು ಹೆಚ್ಚಾಗಿ ಬರೆದಿದ್ದರು.

ಹತ್ತೇ ಜನರ ಸಣ್ಣ ಅಧ್ಯಯನ, ನಿಜ. ಆದರೆ ಓದಿದಾಗ ನನಗೆ ಕನ್ನಡಿ ನೋಡಿದ ಹಾಗಾಯಿತು. ಆಕಸ್ಮಿಕ ತಪ್ಪಾದರೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆಗಬೇಕಲ್ಲವೇ? ನಮ್ಮ ತಪ್ಪು ಹಾಗಲ್ಲ, ಯಾವಾಗಲೂ ನಮಗೆ ಅನುಕೂಲವಾದ ಕಡೆಗೇ ವಾಲುತ್ತದೆ. ತಟ್ಟೆ ಮುಂದಿಟ್ಟುಕೊಂಡು ಕೂತು ತಿಂದದ್ದು ನೆನಪಿರುತ್ತದೆ. ಒಲೆಯ ಮುಂದೆ ನಿಂತು ರುಚಿ ನೋಡಿದ್ದು, ಮಗು ಬಿಟ್ಟ ಎರಡು ತುತ್ತು, ಮಾತಾಡುತ್ತಾ ಬಾಯಾಡಿಸಿದ್ದು ಹೊಟ್ಟೆಗೆ ಹೋಗುತ್ತದೆ, ತಿಂದದ್ದನ್ನು ಬರೆದಿಡುವ ಪುಸ್ತಕಕ್ಕೆ ಹೋಗುವುದಿಲ್ಲ.

ಇನ್ನು ಎಣ್ಣೆ. ನನ್ನ ಲೆಕ್ಕ ಕೆಟ್ಟದ್ದು ಹೆಚ್ಚಾಗಿ ಇಲ್ಲೇ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿದು “ಒಂದು ಚಮಚ” ಎಂದು ಬರೆಯುತ್ತಿದ್ದೆ. ಒಂದು ದಿನ ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು, ಸೊನ್ನೆಗೆ ತಂದು, ಎಂದಿನಂತೆ ಸುರಿದು ಮತ್ತೆ ಇಟ್ಟೆ. ಕಡಿಮೆಯಾದದ್ದು 38 ಗ್ರಾಂ! ಒಂದಲ್ಲ, ಹತ್ತಿರಹತ್ತಿರ ಮೂರು ಚಮಚ. ಅಂದಿನಿಂದ ಎಣ್ಣೆಯ ವಿಷಯದಲ್ಲಿ ನನ್ನ ಕಣ್ಣನ್ನು ನಾನು ನಂಬುವುದಿಲ್ಲ.

ಅಕ್ಕಿಯದು ಬೇರೆ ಬಗೆಯ ಮೋಸ. 100 ಗ್ರಾಂ ಹಸಿ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ಅಷ್ಟೇ ತೂಕದ ಅನ್ನದಲ್ಲಿ 130ರ ಆಸುಪಾಸು. ವ್ಯತ್ಯಾಸವೆಲ್ಲ ಹೀರಿಕೊಂಡ ನೀರಿನದು. ಅಕ್ಕಿ ತೂಗಿ, ಮೊಬೈಲ್ ಆ್ಯಪ್‌ನಲ್ಲಿ ಅನ್ನದ ಸಾಲನ್ನು ಒತ್ತಿದರೆ 220 ಕ್ಯಾಲೊರಿ ಮಾಯ. ಯಾರೂ ಸುಳ್ಳು ಹೇಳಿಲ್ಲ, ತೂಕವೂ ಸರಿಯೇ. ಲೆಕ್ಕ ಮಾತ್ರ ತಪ್ಪು. ಅನೇಕ ಆ್ಯಪ್‌ಗಳಲ್ಲಿ ಬಳಕೆದಾರರೇ ತುಂಬಿಸಿದ ಅಂಕಿಗಳಿರುತ್ತವೆ. ಒಂದೇ ತಿಂಡಿಗೆ ನಾಲ್ಕು ಲೆಕ್ಕ ಕಂಡರೆ ಕೈ ತಾನಾಗಿಯೇ ಚಿಕ್ಕದರ ಕಡೆಗೆ ಹೋಗುತ್ತದೆ. ನನ್ನದಂತೂ ಹೋಗುತ್ತದೆ.

ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸುವವರು ಕೇಳಬಹುದು, ನನ್ನ ಪಾಲು ಎಷ್ಟೆಂದು ತಿಳಿಯುವುದು ಹೇಗೆ? ಖಾಲಿ ಪಾತ್ರೆಯ ತೂಕ ಒಮ್ಮೆ ಬರೆದಿಟ್ಟುಕೊಳ್ಳಿ. ಹಾಕಿದ ಸಾಮಾನಿನ ಕ್ಯಾಲೊರಿ ಕೂಡಿಸಿ, ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. ಉಳಿದದ್ದರಲ್ಲಿ ನಿಮ್ಮ ತಟ್ಟೆಗೆ ಬಂದದ್ದು ಐದನೇ ಒಂದು ಭಾಗವಾದರೆ ಕ್ಯಾಲೊರಿಯೂ ಐದನೇ ಒಂದು ಭಾಗ.

ಬೇರೆಯವರ ಮನೆಯಲ್ಲಿ ಉಂಡಾಗ ತಕ್ಕಡಿ ತೆಗೆಯಲಾಗುವುದಿಲ್ಲ, ತೆಗೆಯಲೂಬಾರದು. ಅಂದಾಜು ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಖಾಲಿ ಮಾತ್ರ ಬಿಡಬೇಡಿ. ತಿಂಗಳ ಕೊನೆಯಲ್ಲಿ ನೋಡಿದರೆ ಖಾಲಿ ಪುಟ ಉಪವಾಸದ ಹಾಗೆ ಕಾಣುತ್ತದೆ.

ಬೆಳಗಿನ ತೂಕಕ್ಕೂ ಹಿಂದಿನ ರಾತ್ರಿಯ ಊಟಕ್ಕೂ ನೇರ ಗಂಟು ಹಾಕಬೇಡಿ. ಉಪ್ಪು ಹೆಚ್ಚಾದರೆ ದೇಹ ನೀರು ಹಿಡಿದುಕೊಳ್ಳುತ್ತದೆ, ಒಂದು ಕಿಲೋ ಅತ್ತಿತ್ತ ಆಗುವುದು ಸಾಮಾನ್ಯ. ವಾರದ ಸರಾಸರಿ ನೋಡಿ. ಮತ್ತೊಂದು ಮಾತನ್ನು ಗಂಭೀರವಾಗಿಯೇ ಹೇಳುತ್ತೇನೆ: ಊಟದ ವಿಷಯದಲ್ಲಿ ಮೊದಲೇ ಮನಸ್ಸು ನೊಂದವರಿಗೆ, ಎಣಿಸಲು ಶುರುಮಾಡಿದರೆ ತಿನ್ನುವುದನ್ನೇ ಬಿಡುವವರಿಗೆ ಈ ಪುಸ್ತಕ ಬೇಡ. ಅವರು ವೈದ್ಯರ ಜೊತೆ ಮಾತಾಡಲಿ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ನಾನು ಬಾದಾಮಿ ಡಬ್ಬದ ಮುಂದೆ ನಿಂತಿದ್ದೆ. ಪುಸ್ತಕದಲ್ಲಿ “200?” ಎಂದು ಬರೆದು ಮಲಗಿದೆ. ಬೆಳಿಗ್ಗೆ ಡಬ್ಬ ತೂಗಿದೆ. ಹಿಂದಿನ ದಿನದ ತೂಕ ಗೊತ್ತಿತ್ತು. 70 ಗ್ರಾಂ ಕಡಿಮೆಯಾಗಿತ್ತು. 200ನ್ನು ಹೊಡೆದುಹಾಕಿ ಪಕ್ಕದಲ್ಲಿ 400 ಎಂದು ಬರೆದೆ, ಆಮೇಲೆ ತಿಂಡಿಗೆ ಕೂತೆ.

ನಮಸ್ಕಾರ.