ಶಾಲೆಗೆ ರಜೆ, ಗಾರ್ಮೆಂಟ್ಸ್‌ಗೆ ಇಲ್ಲ: ದುಡಿಯುವ ಮನೆಗಳಿಗೆ ಬೇಕಾದ ಬೇಸಿಗೆ ಶಿಬಿರ

ಅಕ್ಕಂದಿರೇ, ಅಣ್ಣಂದಿರೇ, ಈಗಷ್ಟೇ ಶಿಫ್ಟ್ ಮುಗಿಸಿ ಬಂದು ಕೂತಿರುವ ತಂಗಿಯರೇ, ಎಲ್ಲರಿಗೂ ನಮಸ್ಕಾರ.

ಮೊದಲು ಕ್ಯಾಲೆಂಡರ್ ನೋಡೋಣ. ನಮ್ಮ ಸರ್ಕಾರಿ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ ಶುರುವಾಗುತ್ತದೆ. ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಹೆಚ್ಚು ಕಡಿಮೆ ಏಳು ವಾರ. ಈ ಏಳು ವಾರ ಪೀಣ್ಯದಲ್ಲಾಗಲಿ, ಬೊಮ್ಮನಹಳ್ಳಿಯಲ್ಲಾಗಲಿ, ಮೈಸೂರು ರಸ್ತೆಯಲ್ಲಾಗಲಿ ಗಾರ್ಮೆಂಟ್ಸ್ ಮುಚ್ಚುವುದಿಲ್ಲ. ಲೈನ್ ಓಡುತ್ತಲೇ ಇರುತ್ತದೆ, ಟಾರ್ಗೆಟ್ ಇದ್ದೇ ಇರುತ್ತದೆ.

ರಜೆ ಹಾಕಬಹುದಲ್ವಾ ಎಂದು ಹೊರಗಿನವರು ಕೇಳುತ್ತಾರೆ. 1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟ ಲೆಕ್ಕ ನಿಮಗೆಲ್ಲ ಗೊತ್ತು. 20 ದಿನ ದುಡಿದರೆ 1 ದಿನ ಸಂಬಳದ ರಜೆ. ವರ್ಷಕ್ಕೆ 300 ದಿನ ದುಡಿದರೆ 15 ದಿನ. ಆ 15ರಲ್ಲಿ ಊರ ಹಬ್ಬ ಆಗಬೇಕು, ತಂಗಿಯ ಮದುವೆ ಆಗಬೇಕು, ಮಗುವಿನ ಜ್ವರ, ಅತ್ತೆಯ ಕಣ್ಣಿನ ಆಪರೇಷನ್, ರೇಷನ್ ಕಾರ್ಡಿನ ಓಡಾಟ ಎಲ್ಲ ಆಗಬೇಕು. ಬೇಸಿಗೆಗೆ ಅಂತ ಏನು ಉಳಿಯುತ್ತದೆ?

ಆ ಏಳು ವಾರ ಮಗು ಎಲ್ಲಿರುತ್ತದೆ ಅನ್ನುವುದೇ ನನ್ನ ಇವತ್ತಿನ ವಿಷಯ. ಬೇಸಿಗೆ ಶಿಬಿರ ಅಂದ ತಕ್ಷಣ ನಮಗೆ ಬಣ್ಣದ ಬ್ಯಾನರ್, ಸಾವಿರಾರು ರೂಪಾಯಿ ಫೀಸು, ಕಾರಿನಿಂದ ಇಳಿಯುವ ಮಕ್ಕಳು ಕಣ್ಣ ಮುಂದೆ ಬರುತ್ತಾರೆ. ಅದೆಲ್ಲ ಉಳ್ಳವರದ್ದು, ನಮಗ್ಯಾಕೆ ಅನ್ನಿಸುತ್ತದೆ. ಚರಿತ್ರೆ ತೆಗೆದು ನೋಡಿದರೆ ಬೇರೆ ಕತೆ ಸಿಗುತ್ತದೆ. ಶಿಬಿರಗಳ ಒಂದು ದೊಡ್ಡ ಪರಂಪರೆ ಹುಟ್ಟಿದ್ದೇ ನಮ್ಮಂಥ ಮನೆಗಳ ಮಕ್ಕಳಿಗಾಗಿ.

1876ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನ ಪಾದ್ರಿ ಹರ್ಮನ್ ವಾಲ್ಟರ್ ಬಿಯೋನ್ ಬಡ ಮನೆಗಳ 68 ಮಕ್ಕಳನ್ನು ಅಪೆನ್‌ಝೆಲ್ ಬೆಟ್ಟಗಳಿಗೆ ಕರೆದುಕೊಂಡು ಹೋದರು. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ರಜೆ ಕಳೆಯುತ್ತಿದ್ದ ಮಕ್ಕಳು ಅವರು. ಈ ಪದ್ಧತಿ ಬೇಗನೆ ಫ್ರಾನ್ಸಿಗೂ ಹಬ್ಬಿತು. ಶುರುವಿನ ವರ್ಷಗಳಲ್ಲಿ ಮಕ್ಕಳನ್ನು ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ತಕ್ಕಡಿಯಲ್ಲಿ ತೂಗುತ್ತಿದ್ದರು. ಎಷ್ಟು ಕೆಜಿ ಏರಿದರೆ ಶಿಬಿರ ಅಷ್ಟು ಗೆದ್ದ ಹಾಗೆ. ಆಟ, ಹಾಡು, ಕಾಡಿನ ಓಡಾಟದಿಂದ ಮಗು ಏನು ಕಲಿಯುತ್ತದೆ ಎಂಬ ಯೋಚನೆ ಆಮೇಲೆ ಬಂತು. ಪ್ಯಾರಿಸ್ ಪಕ್ಕದ ಕಾರ್ಮಿಕರ ಊರು ಇವ್ರಿ. ಅಲ್ಲಿನ ನಗರಸಭೆ 1929ರಲ್ಲೇ ಅಟ್ಲಾಂಟಿಕ್ ಕಡಲ ಹತ್ತಿರ ಲೆ ಮಾಥ್ ಎಂಬಲ್ಲಿ ತನ್ನ ಮಕ್ಕಳಿಗಾಗಿ ಶಿಬಿರದ ಜಾಗ ಮಾಡಿಕೊಂಡಿತು. ಗಮನಿಸಿ, ಇದು ನಗರಸಭೆ ಮಾಡಿದ ಕೆಲಸ. ನಮ್ಮಲ್ಲಿ ವಾರ್ಡಿನ ಜನ ರಸ್ತೆ, ಚರಂಡಿ, ನೀರು ಕೇಳುತ್ತೇವೆ. ಬೇಸಿಗೆ ಶಿಬಿರವನ್ನು ಯಾರೂ ಕೇಳಿದ್ದು ನಾನು ನೋಡಿಲ್ಲ.

ಆಮೇಲೆ ಬಂತು 1936. ಆ ವರ್ಷ ಮೇ, ಜೂನ್ ತಿಂಗಳಲ್ಲಿ ಫ್ರಾನ್ಸಿನ ಕಾರ್ಮಿಕರು ಕೆಲಸ ನಿಲ್ಲಿಸಿ ಕಾರ್ಖಾನೆಗಳೊಳಗೇ ಕೂತರು. ಜೂನ್ 20ರಂದು ಕಾನೂನೇ ಬಂತು. ವರ್ಷಕ್ಕೆ 15 ದಿನ ಸಂಬಳ ಸಹಿತ ರಜೆ. ಲೆಯೋ ಲಗ್ರಾಂಜ್ ಎಂಬ ಯುವಕ ಆಗ ಕ್ರೀಡೆ ಮತ್ತು ಬಿಡುವಿನ ವೇಳೆಯ ಖಾತೆ ನೋಡಿಕೊಳ್ಳುತ್ತಿದ್ದರು. ಬಿಡುವಿನ ವೇಳೆಗೂ ಸರ್ಕಾರದಲ್ಲಿ ಒಬ್ಬರು! ರಜೆ ಕೊಟ್ಟರೆ ಸಾಲದು, ಹೋಗುವುದಕ್ಕೆ ದುಡ್ಡೂ ಬೇಕು ಎಂಬುದು ಅವರಿಗೆ ಹೊಳೆದಿತ್ತು. ಕಾರ್ಮಿಕರಿಗೂ ಅವರ ಮನೆಯವರಿಗೂ ರೈಲು ಟಿಕೆಟ್ಟಿನಲ್ಲಿ ಶೇ. 40 ರಿಯಾಯಿತಿ ಸಿಕ್ಕಿತು. ಮೊದಲ ಬೇಸಿಗೆಯಲ್ಲೇ ಲಕ್ಷಾಂತರ ಜನ ಹೊರಟರು. ಎಷ್ಟೋ ಜನ ಕಡಲು ನೋಡಿದ್ದು ಅದೇ ಮೊದಲು. ಸೈಕಲ್ ತುಳಿಯುತ್ತಾ ಹೊರಟ ಹುಡುಗ ಹುಡುಗಿಯರು ರಾತ್ರಿ ಯೂತ್ ಹಾಸ್ಟೆಲ್‌ಗಳಲ್ಲಿ ಉಳಿದರು.

ನಮ್ಮ ಕತೆ ಇದಕ್ಕೆ ತಿರುಗುಮುರುಗು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ. ಶೇ. 40 ಏನು, ಪೂರ್ತಿ ನೂರು. ಬಸ್ ಇದೆ, ಟಿಕೆಟ್ ಇದೆ, ಹೋಗಲು ರಜೆ ಇಲ್ಲ. ಒಡಿಶಾದಿಂದ, ಜಾರ್ಖಂಡಿನಿಂದ ಬಂದು ಹಾಸ್ಟೆಲ್‌ನಲ್ಲಿರುವ ತಂಗಿಯರಿಗೆ ಆ ಟಿಕೆಟ್ಟೂ ಇಲ್ಲ, ಯಾಕೆಂದರೆ ಅದು ಇಲ್ಲಿನ ನಿವಾಸಿಗಳಿಗೆ ಮಾತ್ರ. ಹಾಗಾಗಿ ಶಿಬಿರದ ಮಾತನ್ನು ನಾನು ಮನರಂಜನೆಯ ಲೆಕ್ಕದಲ್ಲಿ ಆಡುತ್ತಿಲ್ಲ. ಕೂಲಿ, ಓಟಿ, ಪಿಎಫ್ ಮಾತಾಡುವ ಜಾಗದಲ್ಲೇ ಇದನ್ನೂ ಮಾತಾಡಬೇಕು. ಇದು ದುಡಿಮೆಯ ಗಂಟೆಯ ಪ್ರಶ್ನೆ.

ಹಿಂದೆ ನಮಗೊಂದು ದಾರಿ ಇತ್ತು. ಪರೀಕ್ಷೆ ಮುಗಿದ ಮರುದಿನ ಮಗುವನ್ನು ಊರಿನ ಬಸ್ಸು ಹತ್ತಿಸುವುದು. ಅಜ್ಜಿ ಮನೆ ಇತ್ತು, ಮಾವಿನ ಮರ ಇತ್ತು, ಓರಗೆಯ ಮಕ್ಕಳಿದ್ದರು. ಈಗಲೂ ಕೆಲವರಿಗೆ ಇದೆ, ಪುಣ್ಯವಂತರು. ಆದರೆ ಈಗ ಎಷ್ಟೋ ಕಡೆ ಅಜ್ಜಿಯೇ ನರೇಗಾ ಕೆಲಸಕ್ಕೆ ಹೋಗುತ್ತಾರೆ, ಚಿಕ್ಕಮ್ಮ ಮದ್ದೂರಿನಲ್ಲೋ ರಾಮನಗರದಲ್ಲೋ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಊರಿನಲ್ಲೂ ಮಗು ಒಂಟಿಯೇ. ಪ್ರತಿ ಬೇಸಿಗೆ ಕೆರೆಗೆ, ಕೃಷಿ ಹೊಂಡಕ್ಕೆ, ಕಲ್ಲು ಕ್ವಾರಿಯ ನೀರಿಗೆ ಇಳಿದ ಮಕ್ಕಳ ಸುದ್ದಿ ಪೇಪರ್‌ನಲ್ಲಿ ಓದುತ್ತೇವೆ. ಓದಿ ಕೈ ನಡುಗುತ್ತದೆ.

ಇನ್ನು ಊರಿಗೆ ಹೋಗದೆ ಇಲ್ಲೇ ಉಳಿದ ಮಕ್ಕಳು. ನಮ್ಮ ಬೀದಿಯಲ್ಲೇ ನೋಡಿದ್ದನ್ನು ಹೇಳುತ್ತೇನೆ. ಶೀಟಿನ ಮನೆ. ಮೇ ತಿಂಗಳ ಮಧ್ಯಾಹ್ನ ಒಳಗೆ ಕೂರುವಂತಿಲ್ಲ, ಅಷ್ಟು ಕಾವು. ಹನ್ನೊಂದು ವರ್ಷದ ಹುಡುಗಿ, ಸೊಂಟದ ಮೇಲೆ ಎರಡೂವರೆ ವರ್ಷದ ತಮ್ಮ. ಬೀಗದ ಕೈ ಪಕ್ಕದ ಮನೆಯ ಅಜ್ಜಿಯ ಹತ್ತಿರ. ಬೆಳಿಗ್ಗೆ ಅಮ್ಮ ಕಲಸಿಟ್ಟು ಹೋದ ಚಿತ್ರಾನ್ನವನ್ನೇ ಎರಡು ಹೊತ್ತಿಗೆ ಪಾಲು ಮಾಡಿ, ಮೊದಲು ತಮ್ಮನಿಗೆ ತಿನ್ನಿಸುತ್ತಾಳೆ. ಅಮ್ಮನಿಗೆ ಫೋನ್ ಮಾಡಿ ಏನಾದರೂ ಕೇಳೋಣ ಅಂದರೆ, ಫ್ಲೋರ್‌ನಲ್ಲಿ ಫೋನ್ ಬಿಡುವುದಿಲ್ಲ. ಊಟದ ಬಿಡುವಿನ ತನಕ ಕಾಯಬೇಕು. ಆ ಹುಡುಗಿಗೆ ರಜೆ ಎಲ್ಲಿದೆ ಹೇಳಿ? ಅವಳೂ ಒಂದು ಶಿಫ್ಟ್ ಮಾಡುತ್ತಿದ್ದಾಳೆ, ಸಂಬಳವಿಲ್ಲದ ಶಿಫ್ಟ್.

ಆರು ವರ್ಷದೊಳಗಿನ ಮಗುವಿಗೆ ಕಾನೂನಿನಲ್ಲಿ ಅಷ್ಟೋ ಇಷ್ಟೋ ನೆರಳಿದೆ. 50ಕ್ಕಿಂತ ಜಾಸ್ತಿ ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1948ರಲ್ಲೇ ಬರೆದರು, 1976ರಲ್ಲಿ ಆ 50 ಅನ್ನು 30ಕ್ಕೆ ಇಳಿಸಿದರು. ಬೀದಿಗೆ ಅಂಗನವಾಡಿ ಇದೆ. ನರೇಗಾ ಕೂಲಿಯವರ ಮಕ್ಕಳಿಗೆಂದು ಹಳ್ಳಿಗಳಲ್ಲಿ ಕೂಸಿನ ಮನೆ ಬಂದಿದೆ. ಆರು ದಾಟಿದ ಮಗುವಿಗೆ ಶಾಲೆಯೇ ನೆರಳು, ಅದು ಏಪ್ರಿಲ್‌ನಲ್ಲಿ ಮುಚ್ಚುತ್ತದೆ. ಶಾಲೆಯ ಜೊತೆ ಬಿಸಿಯೂಟವೂ ನಿಲ್ಲುತ್ತದೆ. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಒಳ್ಳೆಯ ಕೆಲಸ. ಬರ ಇಲ್ಲದ ವರ್ಷ ಹಸಿವು ಇರುವುದಿಲ್ಲವೇ?

ಇನ್ನೊಂದು ಸಂಗತಿ ಇದೆ, ಇದು ನನ್ನನ್ನು ಜಾಸ್ತಿ ಕಾಡುತ್ತದೆ. ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. 14ರ ಒಳಗಿನ ಮಕ್ಕಳ ದುಡಿಮೆ ಪೂರ್ತಿ ನಿಷೇಧ ಅಂತ ಹೇಳಿ, ಒಂದು ಕಿಂಡಿ ಉಳಿಸಿದರು. ಮನೆಯವರ ಕಸುಬಿನಲ್ಲಿ, ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಮಗು ಸಹಾಯ ಮಾಡಬಹುದು. ರಜೆಯಲ್ಲಿ ಅನ್ನುವ ಈ ಮಾತನ್ನು ನೆನಪಿಡಿ. ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಮನೆಯಲ್ಲಿ ಗುಂಡಿ ಹೊಲಿಯುವ ಪೀಸ್ ಕೆಲಸದಲ್ಲಿ ಮಕ್ಕಳು ಕೈ ಹಾಕುವುದು ಇದೇ ಹೊತ್ತಿನಲ್ಲಿ. ಸುಮ್ನೆ ಎರಡು ತಿಂಗಳು ಅಂತ ಹೋದ ಹುಡುಗ ಕೈಗೆ ದುಡ್ಡು ಬಂದ ಮೇಲೆ ಜೂನ್‌ನಲ್ಲಿ ಶಾಲೆಗೆ ವಾಪಸ್ ಬಾರದೆ ಇರುವುದನ್ನು ನಿಮ್ಮಲ್ಲಿ ಎಷ್ಟೋ ಜನ ಕಂಡಿದ್ದೀರಿ.

ಓದಿನ ಮಾತೂ ಇದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1982ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಸುಮಾರು 800 ಮಕ್ಕಳನ್ನು ಸಂಶೋಧಕರು ವರ್ಷಾನುಗಟ್ಟಲೆ ಹಿಂಬಾಲಿಸಿದರು. ಶಾಲೆ ನಡೆಯುವಾಗ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಕಲಿತರು. ಅಂತರ ಬೆಳೆದದ್ದು ಬೇಸಿಗೆ ರಜೆಗಳಲ್ಲಿ. ಬೇಸಿಗೆಯ ಪಾಲು ಎಷ್ಟು ಎಂಬುದರ ಬಗ್ಗೆ ಆಮೇಲೆ ಬೇರೆ ವಿದ್ವಾಂಸರು ತಕರಾರು ಎತ್ತಿದ್ದಾರೆ, ನಿಜ. ಆದರೆ ಉಳ್ಳವರ ಮಗು ರಜೆಯಲ್ಲಿ ಈಜು, ಚಿತ್ರ, ಪುಸ್ತಕ, ಪ್ರವಾಸ ಅಂತ ಓಡಾಡುವಾಗ ನಮ್ಮ ಮಗು ಮೊಬೈಲ್ ಮುಂದೆ ಕೂತಿರುತ್ತದೆ ಎಂಬುದಕ್ಕೆ ಯಾವ ಸಂಶೋಧನೆ ಬೇಕು?

ಶಿಬಿರ ನಡೆಸುವ ಕಲೆ ಕನ್ನಡಿಗರಿಗೆ ಹೊಸದೇನಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಆಟ, ನಾಟಕ, ಕುಣಿತಕ್ಕೆ ಜಾಗ ಮಾಡಿಕೊಟ್ಟಿದ್ದರು. ಬಿ.ವಿ. ಕಾರಂತರು ಕಟ್ಟಿದ ಮೈಸೂರಿನ ರಂಗಾಯಣದಲ್ಲಿ ಪ್ರತಿ ಬೇಸಿಗೆ ಚಿಣ್ಣರ ಮೇಳ ನಡೆಯುತ್ತದೆ, ಕೊನೆಗೆ ಮಕ್ಕಳೇ ನಾಟಕ ಆಡುತ್ತಾರೆ. ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಶಿಬಿರ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲೂ ಈಚಿನ ವರ್ಷಗಳಲ್ಲಿ ಬೇಸಿಗೆ ಶಿಬಿರ ಮಾಡುತ್ತಿದ್ದಾರೆ. ಎಲ್ಲವೂ ಒಳ್ಳೆಯವು. ಆದರೆ ಬೆಂಗಳೂರಿನಲ್ಲಿ ನಾನು ವಿಚಾರಿಸಿದ ಬಹುಪಾಲು ಶಿಬಿರಗಳು ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತವೆ. ಒಂಬತ್ತಕ್ಕೆ ಪಂಚ್ ಮಾಡಬೇಕಾದ ತಾಯಿ ಹತ್ತಕ್ಕೆ ಮಗುವನ್ನು ಹೇಗೆ ಬಿಡುತ್ತಾಳೆ? ಒಂದಕ್ಕೆ ಯಾರು ಕರೆದುಕೊಂಡು ಬರುತ್ತಾರೆ? ಫೀಸನ್ನು ಹೇಗಾದರೂ ಹೊಂದಿಸಬಹುದು. ಗಂಟೆಯನ್ನು ಹೊಂದಿಸಲಾಗುವುದಿಲ್ಲ.

ನಮ್ಮ ಬಡಾವಣೆಯ ಗೆಳತಿಯರು ಒಂದು ಬೇಸಿಗೆ ಶಾಲೆಯ ಕೋಣೆಗಳನ್ನು ಕೇಳಿ ಪಡೆದು ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆ ತನಕ ಶಿಬಿರ ನಡೆಸಿದರು. ಆರು ದಾಟಿದ ಮಕ್ಕಳಿಗೆ ಅಂತ ಬೋರ್ಡ್ ಹಾಕಿದ್ದರು. ಮೊದಲ ದಿನವೇ ಅಕ್ಕಂದಿರು ತಮ್ಮ ತಂಗಿಯರನ್ನು ಎತ್ತಿಕೊಂಡು ಬಂದರು. ಚಿಕ್ಕವರನ್ನು ವಾಪಸ್ ಕಳಿಸಿದರೆ ಅಕ್ಕನೂ ವಾಪಸ್. ಆದ್ದರಿಂದ ಒಂದು ಕೋಣೆ ಪುಟಾಣಿಗಳಿಗೆ ಹೋಯಿತು. ಕೆಲಸ ಬಿಟ್ಟು ಮನೆಯಲ್ಲಿದ್ದ ಹಿರಿಯ ಟೈಲರ್ ಒಬ್ಬರು ಅದನ್ನು ನೋಡಿಕೊಂಡರು. ನಾನು ಆಗ ಹೇಳಿದ ಆ ಹನ್ನೊಂದರ ಹುಡುಗಿ ಅಲ್ಲಿಗೆ ಬರತೊಡಗಿದಳು. ಎರಡು ಮೂರು ದಿನ ಆಟದ ಮಧ್ಯೆ ಓಡಿ ಹೋಗಿ ಕಿಟಕಿಯಲ್ಲಿ ತಮ್ಮನನ್ನು ನೋಡಿ ಬರುತ್ತಿದ್ದಳು. ಆಮೇಲೆ ಬಿಟ್ಟಳು. ಲಗೋರಿಯಲ್ಲಿ ಕಲ್ಲು ಜೋಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಭಾನುವಾರ ತಂದೆ ತಾಯಂದಿರೂ ಬರಬೇಕಿತ್ತು. ಮೊದಮೊದಲು ಯಾರೂ ಬರಲಿಲ್ಲ, ಬಟ್ಟೆ ಒಗೆಯುವ ದಿನ ಅದು. ಊಟ ಅಲ್ಲೇ ಅಂದ ಮೇಲೆ ಬಂದರು. ಮುದ್ದೆ, ಬಸ್ಸಾರು, ಮಕ್ಕಳಿಗೆ ಮೊಟ್ಟೆ. ಗಂಡಸರು ಚಿನ್ನಿದಾಂಡು ಹಿಡಿದರು. ಹೆಂಗಸರು ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆದರು. ಅಮ್ಮ ಕುಂಟುತ್ತಾ ಹಾರುವುದನ್ನು ಮಕ್ಕಳು ಬಾಯಿಬಿಟ್ಟು ನೋಡಿದರು. ಮನೆಯಲ್ಲಿ ಅವರಿಗೆ ಸಿಗುವುದು ಸುಸ್ತಾದ ಅಮ್ಮ, ಬೈಯುವ ಅಮ್ಮ. ನಗುವ ಅಮ್ಮ ಸಿಗುವುದಕ್ಕೆ ಅಮ್ಮನಿಗೂ ಬಿಡುವು ಬೇಕಲ್ವಾ?

ಈಗ ಹದಿನೆಂಟು, ಇಪ್ಪತ್ತರ ಹುಡುಗಿಯರ ಬಗ್ಗೆ. ಇವರನ್ನು ನಾವು ಮರೆತೇ ಬಿಡುತ್ತೇವೆ. ನಿನ್ನೆ ಮೊನ್ನೆ ತನಕ ಶಾಲೆಯಲ್ಲಿದ್ದವರು, ಇವತ್ತು ಲೈನಿನಲ್ಲಿ ಹೆಲ್ಪರ್. ಹಾಸ್ಟೆಲ್, ಫ್ಲೋರ್, ಮತ್ತೆ ಹಾಸ್ಟೆಲ್. ಬೆಂಗಳೂರಿಗೆ ಬಂದು ಬೆಂಗಳೂರು ನೋಡದವರು ಇದ್ದಾರೆ. ಇವರಿಗೂ ಬೇಸಿಗೆ ಶಿಬಿರ ಬೇಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬ್ರಿನ್ ಮಾರ್ ಎಂಬ ಹೆಣ್ಣುಮಕ್ಕಳ ಕಾಲೇಜಿದೆ. ಉಳ್ಳವರ ಕಾಲೇಜು. 1921ರಿಂದ 1938ರವರೆಗೆ ಅಲ್ಲಿ ಬೇಸಿಗೆಯ ಎಂಟು ವಾರ ಗಾರ್ಮೆಂಟ್ ಮತ್ತು ಗಿರಣಿಗಳ ಹೆಣ್ಣು ಕಾರ್ಮಿಕರಿಗಾಗಿ ಶಾಲೆ ನಡೆಸಿದರು. ಎಂಟನೇ ಕ್ಲಾಸು ದಾಟದವರೂ ಅಲ್ಲಿ ಅರ್ಥಶಾಸ್ತ್ರ, ವಿಜ್ಞಾನ ಓದಿದರು, ತಮ್ಮ ಬದುಕಿನ ಬಗ್ಗೆ ತಾವೇ ಬರೆದರು, ಈಜು ಕಲಿತರು. ಹಾಗೆ ಬಂದವರು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಕಾಲೇಜಿನಲ್ಲಿ ಕಸ ಗುಡಿಸುವವರಿಗೂ 8 ಗಂಟೆಯ ದುಡಿಮೆ ಸಾಕು ಎಂದು ಕೇಳಿದರು. ಶಿಬಿರಕ್ಕೆ ಬಂದವರ ತಲೆ ಹಾಗೆ ಓಡುತ್ತದೆ, ಉಸಿರಾಡಲು ಜಾಗ ಸಿಕ್ಕಾಗ.

ನಮ್ಮಲ್ಲೂ ಇದಕ್ಕೆ ನೆಲೆ ಇದೆ. ಬೆಟ್ಟ ಹತ್ತುವುದು, ದೋಣಿ ನಡೆಸುವುದು ಕಲಿಸಲು ರಾಜ್ಯದ ಯುವಜನ ಇಲಾಖೆಯಡಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. 1965ರ ಕಾಯ್ದೆಯಡಿ ಬಂದ ಕಾರ್ಮಿಕ ಕಲ್ಯಾಣ ಮಂಡಳಿ ಇದೆ. ನಮ್ಮ ಸಂಬಳದಿಂದ, ಮಾಲೀಕರಿಂದ, ಸರ್ಕಾರದಿಂದ ವರ್ಷ ವರ್ಷ ಅದಕ್ಕೆ ವಂತಿಗೆ ಹೋಗುತ್ತದೆ. ಅದಕ್ಕೂ ಮೊದಲು, 1953ರ ಮುಂಬಯಿ ಕಾಯ್ದೆಯಲ್ಲಿ ಇಂಥ ನಿಧಿಯನ್ನು ಪ್ರವಾಸಕ್ಕೂ ರಜಾ ನಿವಾಸಗಳಿಗೂ ಖರ್ಚು ಮಾಡಬಹುದೆಂದು ಬರೆದಿದ್ದರು. ಮಂಡಳಿ ವಿದ್ಯಾರ್ಥಿವೇತನ ಕೊಡುತ್ತದೆ, ಸಂತೋಷ. ಶಿಬಿರಕ್ಕೂ ಕೊಡಲಿ ಎಂದು ಕೇಳಲು ನಮಗೆ ಹಕ್ಕಿದೆ, ಅದು ನಮ್ಮದೇ ದುಡ್ಡು.

ಒಂದು ಎಚ್ಚರ. ಹತ್ತು ಗಂಟೆ ಮಕ್ಕಳನ್ನು ನೋಡಿಕೊಳ್ಳುವುದು ಸುಲಭದ ಕೆಲಸವಲ್ಲ. ಫ್ರಾನ್ಸಿನವರು 1937ರಲ್ಲೇ ಶಿಬಿರ ನಡೆಸುವವರಿಗೆ ತರಬೇತಿ ಶುರು ಮಾಡಿದರು. ನಮಗೂ ತರಬೇತಿ ಬೇಕು, ಆ ಕೆಲಸ ಮಾಡುವವರಿಗೆ ಸರಿಯಾದ ಸಂಬಳ ಬೇಕು. ಮಕ್ಕಳ ಮೈಮುಟ್ಟುವ ವಿಷಯದಲ್ಲಿ, ಪೋಕ್ಸೊ ಕಾಯ್ದೆಯ ವಿಷಯದಲ್ಲಿ ಒಂದು ಚೂರೂ ಸಡಿಲ ಬಿಡಬಾರದು. ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಕೋಣೆಯಲ್ಲಿ ಇರಬಾರದು. ನೀರಿನ ಹತ್ತಿರ ಕರೆದುಕೊಂಡು ಹೋಗುವುದಾದರೆ ಈಜು ಬಲ್ಲವರಿಲ್ಲದೆ ಬೇಡ.

ಹಾಗಾಗಿ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಮೂರು ಸಾಲು ಸೇರಿಸಿ ಅಂತ ನನ್ನ ಕೋರಿಕೆ. ಮೇ ತಿಂಗಳಲ್ಲಿ ಎಲ್ಲರಿಗೂ, ಒಂದೇ ಸಲ ಅಲ್ಲದಿದ್ದರೂ ಸರದಿಯ ಮೇಲೆ, ಒಂದು ವಾರ ಸಂಬಳದ ರಜೆ, ಈಗಿರುವುದಕ್ಕೆ ಕೈ ಹಚ್ಚದೆ. ಶಿಫ್ಟ್ ಗಂಟೆಗೆ ತಕ್ಕ ಮಕ್ಕಳ ಶಿಬಿರ, ಬಿಸಿ ಊಟದ ಜೊತೆ. ಹಾಸ್ಟೆಲ್ ಹುಡುಗಿಯರಿಗೆ ಮೂರು ದಿನದ ಹೊರಗಿನ ಶಿಬಿರ, ಬಸ್ ಖರ್ಚು ಕಂಪನಿಯದ್ದು. ಶಾಲೆಯ ಕೋಣೆಗೆ ಶಿಕ್ಷಣಾಧಿಕಾರಿಗಳ ಕಚೇರಿಗೆ ಫೆಬ್ರವರಿಯಲ್ಲೇ ಅರ್ಜಿ ಕೊಡಬೇಕು, ಪರೀಕ್ಷೆ ಶುರುವಾದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ. ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ಹೋಗುವಾಗ ನಿಮ್ಮ ಶಿಫ್ಟ್ ಎಷ್ಟರಿಂದ ಎಷ್ಟು, ಮಗುವಿನ ವಯಸ್ಸು ಎಷ್ಟು, ಏಪ್ರಿಲ್‌ನಲ್ಲಿ ಮಗುವನ್ನು ಎಲ್ಲಿ ಬಿಡುತ್ತೀರಿ, ಇಷ್ಟು ಬರೆದು ಹೋಗಿ. ಬರೆಯಲು ಬಾರದವರು ಹೇಳಿದರೆ ಸಾಕು, ಬರೆದುಕೊಳ್ಳಲು ಇಬ್ಬರು ಕೂತಿದ್ದಾರೆ.