ಗೇರು ಹಣ್ಣಿನ ರಸದಲ್ಲಿ ಎಣ್ಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್ ತಿಂಗಳಲ್ಲಿ ಅಂಕೋಲಾ, ಕುಮಟಾ ಕಡೆ ಯಾವ ಗೇರು ಬೆಟ್ಟಕ್ಕೆ ಹೋದರೂ ಒಂದೇ ವಾಸನೆ. ಬಿದ್ದ ಹಣ್ಣು ಹುಳಿ ಬಂದ ವಾಸನೆ. ನಾವು ಬೀಜ ತಿರುಚಿ ಬುಟ್ಟಿಗೆ ಹಾಕುತ್ತೇವೆ, ಹಣ್ಣನ್ನು ಅಲ್ಲೇ ಎಸೆಯುತ್ತೇವೆ. ದನ ತಿಂದಷ್ಟು ತಿಂದಿತು, ಉಳಿದದ್ದು ಕೊಳೆಯಿತು. ಬೀಜಕ್ಕಿಂತ ಹಣ್ಣು ಕಡಿಮೆ ಎಂದರೂ ಐದು ಪಟ್ಟು ತೂಗುತ್ತದೆ. ಅದರ ರಸದಲ್ಲಿ ನೂರಕ್ಕೆ ಸುಮಾರು 10 ಪಾಲು ಸಕ್ಕರೆ. ಅಷ್ಟು ಸಕ್ಕರೆ ಮಣ್ಣುಪಾಲಾಗುವುದನ್ನು ನೋಡಿ ನನಗೆ ಪ್ರತಿ ವರ್ಷ ಸಂಕಟವಾಗುತ್ತದೆ.

ಮಾಜಾಳಿ ದಾಟಿದರೆ ಗೋವಾದವರು ಇದೇ ರಸ ಹುಳಿ ಬರಿಸಿ ಫೆನಿ ಎಂಬ ಮದ್ಯ ಇಳಿಸುತ್ತಾರೆ. ಹುಳಿ ಬರಿಸುವ ಆ ಕೆಲಸ ಯೀಸ್ಟ್ ಎಂಬ, ಬರಿಗಣ್ಣಿಗೆ ಕಾಣದ ಜೀವಿಯದು. ಆದರೆ ಯೀಸ್ಟಿನಲ್ಲಿ ಇನ್ನೊಂದು ಬಗೆಯಿದೆ. ಅದು ಸಕ್ಕರೆ ತಿಂದು ಮೈಯೊಳಗೆ ಕೊಬ್ಬು, ಅಂದರೆ ಎಣ್ಣೆ, ಕೂಡಿಡುತ್ತದೆ. ಯಾರೋವಿಯಾ, ಲಿಪೋಮೈಸಿಸ್, ರೋಡೋಟೊರುಲಾ ಅಂತೆಲ್ಲ ಹೆಸರು. ರೋಡೋಟೊರುಲಾ ನೋಡಲು ಚೆಂದ. ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ನಸುಗೆಂಪು ಚುಕ್ಕೆಗಳು ಏಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ, ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವ ಹಾಗೆ, ಒಂದೊಂದು ಕೋಶದೊಳಗೂ ಹನಿ ಹೊಳೆಯುತ್ತದೆ.

ಇದರ ಗುಟ್ಟು ಇರುವುದು ಸಾರಜನಕದಲ್ಲಿ. ಯೂರಿಯಾ ಹಾಕಿ ನಾವು ಗದ್ದೆಗೆ ಕೊಡುತ್ತೇವಲ್ವಾ, ಅದೇ. ಹೊಸ ಕೋಶ ಕಟ್ಟಲು ಯೀಸ್ಟಿಗೂ ಅದು ಬೇಕು. ಮೊದಲು ಸ್ವಲ್ಪ ಕೊಟ್ಟು ಬೆಳೆಸುತ್ತಾರೆ. ಸಾರಜನಕ ಮುಗಿದ ಮೇಲೆ ಯೀಸ್ಟಿನ ಸಂಖ್ಯೆ ಹೆಚ್ಚುವುದು ನಿಲ್ಲುತ್ತದೆ, ಸಕ್ಕರೆ ತಿನ್ನುವುದು ಮಾತ್ರ ನಿಲ್ಲುವುದಿಲ್ಲ. ತಿಂದದ್ದು ಕೊಬ್ಬಾಗುತ್ತದೆ. ಚೆನ್ನಾಗಿ ಸಾಕಿದ ಯೀಸ್ಟ್ ಒಣಗಿಸಿ ತೂಗಿದರೆ ಅರ್ಧಕ್ಕೂ ಜಾಸ್ತಿ ಕೊಬ್ಬೇ ಸಿಗುವುದುಂಟು. ಮೊದಲ ಮಹಾಯುದ್ಧದ ಹೊತ್ತಿಗೆ, ಕೊಬ್ಬಿಗೆ ಬರ ಬಂದಾಗ, ಜರ್ಮನಿಯಲ್ಲಿ ಈ ದಾರಿ ಹಿಡಿದು ನೋಡಿದ್ದರು.

ಈಗ ಲೆಕ್ಕ ಹೇಳುತ್ತೇನೆ. ಒಂದು ಕಿಲೋ ಎಣ್ಣೆಗೆ ಸುಮಾರು 5 ಕಿಲೋ ಸಕ್ಕರೆ ಬೇಕು. ಅಂದರೆ 50 ಲೀಟರ್ ಗೇರು ರಸ. ಇದು ಸಣ್ಣ ಮಾತಲ್ಲ. ಇಷ್ಟಾದ ಮೇಲೂ ಖರ್ಚಿದೆ. ಈ ಯೀಸ್ಟಿಗೆ ಗಾಳಿ ಬೇಕೇ ಬೇಕು. ಹಗಲು ರಾತ್ರಿ ಗಾಳಿ ಊದಬೇಕು, ಕಲಕುತ್ತಿರಬೇಕು. ಕೊನೆಗೆ ಕೋಶದ ಗಟ್ಟಿ ಗೋಡೆ ಒಡೆದು ಎಣ್ಣೆ ತೆಗೆಯಬೇಕು. ಸಕ್ಕರೆಯನ್ನೂ ದುಡ್ಡು ಕೊಟ್ಟು ತಂದರೆ ಖಂಡಿತ ಗಿಟ್ಟುವುದಿಲ್ಲ. ಎಸೆಯುವ ಹಣ್ಣಿನ ಮಾತು ನಾನು ಎತ್ತಿದ್ದು ಅದಕ್ಕೇ. ಹಾಲಿನ ಡೇರಿಯ ಚೀಸ್ ನೀರು, ಕಬ್ಬಿನ ಕಾಕಂಬಿ, ಇವುಗಳಿಂದಲೂ ಮಾಡಿ ನೋಡಿದ್ದಾರೆ.

ಹೀಗೆ ಬಂದ ಎಣ್ಣೆ ಗುಣದಲ್ಲಿ ಹೆಚ್ಚುಕಡಿಮೆ ತಾಳೆ ಎಣ್ಣೆಯ ಹಾಗೆ. ಕೆಲವು ಯೀಸ್ಟಿನದು ಕೋಕೋ ಬೆಣ್ಣೆಗೆ ಹತ್ತಿರ. ನಮ್ಮ ಶಿರಸಿ ಕಡೆಯವರಿಗೆ ಮುರುಗಲ ತುಪ್ಪ ಗೊತ್ತಲ್ಲ, ಅದೂ ಕೋಕೋ ಬೆಣ್ಣೆಯ ಹಾಗೆ ಗಟ್ಟಿಯಾಗುವ ಜಾತಿಯದೇ. ಸಾಬೂನು, ಮುಲಾಮು, ಚಾಕಲೇಟಿಗೆ ಹೋಗುವ ಇಂಥ ಕೊಬ್ಬಿಗೆ ಬೆಲೆಯಿದೆ. ಶುರು ಮಾಡುವುದಾದರೆ ಅಲ್ಲಿಂದಲೇ ಮಾಡಬೇಕು, ದೀಪದ ಎಣ್ಣೆಯಿಂದಲ್ಲ.

ನಮ್ಮಲ್ಲಿ ದೊಡ್ಡ ತೊಡಕು ಹಣ್ಣಿನದೇ. ಗೇರು ಹಣ್ಣು ಒಂದು ದಿನ ತಡೆಯುವುದಿಲ್ಲ. ಬೆಳಿಗ್ಗೆ ಹೆಕ್ಕಿದ್ದನ್ನು ಸಂಜೆಯೊಳಗೆ ಹಿಂಡದಿದ್ದರೆ ಬೇರೆ ಯೀಸ್ಟ್ ನುಗ್ಗಿ ಸಕ್ಕರೆ ತಿಂದಿರುತ್ತದೆ. ಹಿಂಡುವ ಯಂತ್ರ ಬೆಟ್ಟದ ಬುಡಕ್ಕೇ ಬರಬೇಕು. ಅದಕ್ಕೆ ಯಾರನ್ನು ಕೇಳಿದರೂ ಮೊದಲ ಪ್ರಶ್ನೆ, ಹಣ್ಣು ಎಷ್ಟು ಸಿಗುತ್ತದೆ ಅಂತ. ಈ ಸಲ ಬೀಜ ಹೆಕ್ಕುವಾಗ ಒಂದೇ ಒಂದು ಮರದ ಹಣ್ಣನ್ನು ದಿನಾ ತೂಗಿ, ಕ್ಯಾಲೆಂಡರಿನ ಮೇಲೆ ಬರೆದಿಡಿ. ಮಳೆಗಾಲ ಹಿಡಿಯುವ ಮೊದಲು ಒಟ್ಟು ಕೂಡಿಸಿ ನೋಡೋಣ. ನಮಸ್ಕಾರ.