ಮದ್ದು ಕೊಡದ ಇಲಿಗೆ ಏನಾಯ್ತು?

ಕೇಳುಗರಿಗೆ ನಮಸ್ಕಾರ.

ಅಶ್ವಗಂಧದ ಡಬ್ಬಿ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹಳ್ಳಿ ಕಡೆ ಹಿರೇಮದ್ದು ಅನ್ನುತ್ತಾರಲ್ಲ, ಅದೇ. ಒತ್ತಡ ಕಡಿಮೆ ಮಾಡುತ್ತದೆ, ಪ್ರಯೋಗದಲ್ಲಿ ಸಾಬೀತಾಗಿದೆ ಅಂತ ಜನ ಹೇಳುತ್ತಾರೆ. ಪ್ರಯೋಗ ಅಂದರೆ ಬಹಳ ಸಲ ಇಲಿಯ ಮೇಲೆ ಮಾಡಿದ್ದು. ನಾನು ಔಷಧ ವಿಜ್ಞಾನ ಕಲಿಸುವವಳು. ಇಂಥ ಮಾತು ಕಿವಿಗೆ ಬಿದ್ದಾಗ ನೀವು ಒಂದೇ ಒಂದು ಪ್ರಶ್ನೆ ಕೇಳಬೇಕು ಅನ್ನುವುದು ನನ್ನ ಆಸೆ: ಮದ್ದು ಕೊಡದ ಇಲಿಗೆ ಏನಾಯ್ತು?

ಇದು ಯಾಕೆ ಮುಖ್ಯ ಅಂತ ತಿಳಿಯಲು ಕೆನಡಾದ ಮಾಂಟ್ರಿಯಲ್‌ಗೆ ಹೋಗಬೇಕು. ಅಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಸೆಲ್ಯೆ ಅಂತ ಒಬ್ಬರಿದ್ದರು, ಆಗಿನ್ನೂ ಮೂವತ್ತು ತುಂಬಿರಲಿಲ್ಲ, ಹೊಸ ಹಾರ್ಮೋನು ಹುಡುಕುವ ಹುಮ್ಮಸ್ಸು. ಅಂಡಾಶಯದ ರಸ ತೆಗೆದು ಇಲಿಗಳಿಗೆ ಚುಚ್ಚಿದರು. ಆಮೇಲೆ ಕೊಯ್ದು ನೋಡಿದರೆ ಮೂರು ಬದಲಾವಣೆ ಕಂಡವು: ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಊದಿತ್ತು, ಎದೆಯೊಳಗಿನ ಥೈಮಸ್ ಕುಗ್ಗಿತ್ತು, ಹೊಟ್ಟೆಯಲ್ಲಿ ಹುಣ್ಣು. ಹೊಸ ಹಾರ್ಮೋನು ಸಿಕ್ಕೇಬಿಟ್ಟಿತು ಅಂದುಕೊಂಡರು. ಆದರೆ ಬೇರೆ ಅಂಗದ ರಸ ಚುಚ್ಚಿದರೂ ಅದೇ ಮೂರು. ಕೊನೆಗೆ ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ಚುಚ್ಚಿದರು, ಅದರಲ್ಲಿ ಯಾವ ಹಾರ್ಮೋನೂ ಇಲ್ಲವಲ್ಲ, ಆದರೂ ಅದೇ ಮೂರು! ಪಾಪ, ಕನಸು ಕುಸಿದು ಬಿತ್ತು. ಬೇರೆಯವರಾಗಿದ್ದರೆ ಇಲ್ಲಿಗೇ ಕೈಬಿಡುತ್ತಿದ್ದರು. ಸೆಲ್ಯೆ ಬಿಡಲಿಲ್ಲ. ಚಳಿಯಲ್ಲಿಟ್ಟರು, ಸುಸ್ತಾಗುವವರೆಗೆ ಓಡಾಡಿಸಿದರು, ಆಗಲೂ ಅದೇ ಮೂರು. ಹಾಗಾದರೆ ಇದು ಚುಚ್ಚಿದ ವಸ್ತುವಿನ ಗುಣವಲ್ಲ, ಯಾವ ಪೆಟ್ಟು ಬಿದ್ದರೂ ಮೈ ಕೊಡುವ ಒಂದೇ ಉತ್ತರ. 1936ರ ಜುಲೈ 4ರಂದು ನೇಚರ್ ಪತ್ರಿಕೆಯಲ್ಲಿ ಚಿಕ್ಕ ಟಿಪ್ಪಣಿಯಾಗಿ ಅದು ಬಂತು. ಇವತ್ತು ನಾವು ಮಾತುಮಾತಿಗೆ ಸ್ಟ್ರೆಸ್ ಅನ್ನುತ್ತೇವಲ್ಲ, ಅದರ ವಿಜ್ಞಾನ ಶುರುವಾಗಿದ್ದು ಅಲ್ಲಿಂದ. ಫಾರ್ಮಲಿನ್ ಚುಚ್ಚಿದ ಆ ಇಲಿಗಳು ಇರದಿದ್ದರೆ ಇಲ್ಲದ ಹಾರ್ಮೋನಿಗೆ ಹೆಸರಿಟ್ಟು ಕೂತಿರುತ್ತಿದ್ದರು, ಅಲ್ವಾ?

ಅದೇ ವಿಶ್ವವಿದ್ಯಾಲಯದಿಂದ 2014ರಲ್ಲಿ ಇನ್ನೊಂದು ಸುದ್ದಿ ಬಂತು. ಗಂಡಸು ಹತ್ತಿರ ಬಂದರೆ ಸಾಕು, ಇಲಿಗೆ ಒತ್ತಡ ಏರುತ್ತದೆ. ಗಂಡಸು ತೊಟ್ಟು ಬಿಚ್ಚಿಟ್ಟ ಟೀ ಶರ್ಟ್ ಪಕ್ಕದಲ್ಲಿಟ್ಟರೂ ಅಷ್ಟೇ. ಕಾರಣ ವಾಸನೆ. ಹದಿನೈದು ನಿಮಿಷ ಕೊಳವೆಯಲ್ಲಿ ಕೂಡಿಹಾಕಿದರೆ ಎಷ್ಟು ಒತ್ತಡವೋ ಅಷ್ಟು! ಅಂದರೆ ಮದ್ದು ಹಾಕುವ ದಿನ ಒಬ್ಬರು, ಹಾಕದ ದಿನ ಇನ್ನೊಬ್ಬರು ಇಲಿ ಹಿಡಿದರೆ ಲೆಕ್ಕವೇ ತಲೆಕೆಳಗು. ಹೊತ್ತೂ ಅಷ್ಟೇ ಮುಖ್ಯ. ಇಲಿ ರಾತ್ರಿ ಓಡಾಡುವ ಪ್ರಾಣಿ, ಅದರ ಒತ್ತಡದ ಹಾರ್ಮೋನು ಕಾರ್ಟಿಕೋಸ್ಟೆರಾನ್ ಸಂಜೆ ಹೊತ್ತಿಗೆ ತಾನಾಗಿಯೇ ಏರುತ್ತದೆ. ಒಂದು ಗುಂಪಿನ ರಕ್ತ ಬೆಳಿಗ್ಗೆ, ಇನ್ನೊಂದರದು ಸಂಜೆ ತೆಗೆದರೆ ಯಾವ ಸೊಪ್ಪೂ ಪವಾಡದ ಮದ್ದಾಗಿ ಕಾಣುತ್ತದೆ. ಇನ್ನು ಅಶ್ವಗಂಧದ ಬೇರಿನ ಸಾರವನ್ನು ಇಲಿಗೆ ಕುಡಿಸುವುದು ಬಾಯಿಂದ ಹೊಟ್ಟೆಗೆ ಕೊಳವೆ ಇಳಿಸಿ. ಅದೇ ಒಂದು ಹಿಂಸೆ. ಹಾಗಾಗಿ ಮದ್ದು ಕೊಡದ ಇಲಿ ಸುಮ್ನೆ ಬೋನಿನಲ್ಲಿ ಕೂರುವ ಹಾಗಿಲ್ಲ, ಅದಕ್ಕೂ ಅದೇ ಹೊತ್ತಿಗೆ, ಅದೇ ಕೈ, ಅದೇ ಕೊಳವೆ ಇಳಿಸಿ ಮದ್ದಿಲ್ಲದ ನೀರು ಕುಡಿಸಬೇಕು. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದರೂ ಸಾಲದು.

ನಮ್ಮ ದೇಶದ ಕೆಲಸವನ್ನು ಬೇಗ ಹೇಳಿಬಿಡುತ್ತೇನೆ, ಸಮಯ ಓಡುತ್ತಿದೆ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಭಟ್ಟಾಚಾರ್ಯ ಮತ್ತು ಸಂಗಡಿಗರು 1987ರಲ್ಲೇ ಅಶ್ವಗಂಧದಿಂದ ಸಿಟೋಇಂಡೋಸೈಡ್ ಅನ್ನುವ ವಸ್ತುಗಳನ್ನು ಬೇರ್ಪಡಿಸಿ ಪರೀಕ್ಷಿಸಿದ್ದರು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲಿಗಳ ಕಾಲಿಗೆ ದಿನವೂ ಸಣ್ಣ ವಿದ್ಯುತ್ ಆಘಾತ, ಯಾವಾಗ ಬರುತ್ತದೆ ಅಂತ ಇಲಿಗೆ ಗೊತ್ತಾಗದ ಹಾಗೆ, 21 ದಿನ. ಬರೀ ಆಘಾತ ತಿಂದ ಇಲಿಗಳಿಗೆ ಹೊಟ್ಟೆಹುಣ್ಣು ಬಂತು, ಸಕ್ಕರೆ ಏರಿತು, ನೆನಪು ಮಂಕಾಯಿತು. ಅಶ್ವಗಂಧ ಸಿಕ್ಕವುಗಳಲ್ಲಿ ಇದೆಲ್ಲ ಕಡಿಮೆ. ನೋಡಿ, ಹೋಲಿಸಲು ಆ ಮೊದಲ ಗುಂಪು ಇತ್ತು, ಅದಕ್ಕೇ ಈ ಮಾತಿಗೆ ತೂಕ. ಲಕ್ನೋದಲ್ಲಿ ತುಳಸಿಯ ಮೇಲೂ ಒಳ್ಳೆಯ ಕೆಲಸ ಆಗಿದೆ, ಅದರ ಬಗ್ಗೆ ಹೇಳಲು ಈಗ ಆಗುವುದಿಲ್ಲ.

ಪ್ರಮಾಣದ ವಿಷಯ ಮಾತ್ರ ಹೇಳಲೇಬೇಕು. ಇಲಿಗೆ ಕೊಟ್ಟಿದ್ದು ಕಿಲೋ ತೂಕಕ್ಕೆ 50 ಮಿಲಿಗ್ರಾಂ ಅಂತ ಓದಿ, 60 ಕಿಲೋದವರು ಗುಣಿಸಿ ಮೂರು ಗ್ರಾಂ ನುಂಗಬೇಡಿ. ಇಲಿಯ ಲೆಕ್ಕವನ್ನು ಮನುಷ್ಯರಿಗೆ ತರುವಾಗ ಸುಮಾರು ಆರರಿಂದ ಭಾಗಿಸುತ್ತೇವೆ, ಅರ್ಧ ಗ್ರಾಂ ಆಗುತ್ತದೆ. ಅದೂ ಸಾರದ ಲೆಕ್ಕ, ಮನೆಯಲ್ಲಿ ಕುಟ್ಟಿದ ಪುಡಿಯದ್ದಲ್ಲ. ಬಸುರಿಯರು, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬೇಡಿ. ನಮಸ್ಕಾರ.